ಬಣ್ಣ ಬಿಟ್ಟವರು

ಮಧುಗಿರಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಶಾಂತಕುಮಾರಿಗೆ ಜಪಾನಿನ ಯೋರುಗುಮೊ ಎಂಬ ಹಳೆಯ ರಾಕ್ ತಂಡವೆಂದರೆ ಪ್ರಾಣ. ಬಣ್ಣ ಬಳಿದು, ವೇಷ ತೊಟ್ಟು ಹಾಡುವ ‘ವಿಜುವಲ್ ಕೇ’ ಪಂಥದವರು ಅವರು. ಕಣ್ಣಿಗೆ ಕಪ್ಪು ತೀಡುವುದನ್ನು ಅವಳು ಕಲಿತದ್ದೇ ಅವರ ವಿಡಿಯೋ ನೋಡಿ. ಈಚೆಗೆ ಅವರು ಬಣ್ಣ ಬಿಟ್ಟು ಸಾದಾ ಅಂಗಿಯಲ್ಲಿ ಹಾಡತೊಡಗಿದ್ದರು. ಇನ್ನು ಇವರು ಆ ಪಂಥದವರಲ್ಲವೆಂದು ವಾಟ್ಸಾಪಿನ ಅಭಿಮಾನಿ ಬಳಗ ತೀರ್ಮಾನಿಸಿತು. ಎದುರು ವಾದಿಸಿದ ಅವಳನ್ನು ಗುಂಪಿನಿಂದಲೇ ತೆಗೆದುಹಾಕಿತು.

ಊಟ ತಂದಿದ್ದ ಸೋದರತ್ತೆ ಜುಂಜಮ್ಮನಿಗೆ ಅವಳು ಇದನ್ನೆಲ್ಲ ಹೇಳಿಕೊಂಡಳು.

“ಬಣ್ಣಾನೇ ಬುಟ್ಟ ಮ್ಯಾಲೆ ಇನ್ನೆಂಗಮ್ಮ ಅವ್ರು ಬಣ್ಣದೋರು?” ಎಂದಳು ಜುಂಜಮ್ಮ.

“ನೀನೂ ಅಂಗೇ ಅಂತೀಯಲ್ಲತ್ತೆ! ಹಾಡೋ ರೀತಿ ಅದೇ ಐತೆ, ಕೇಳು.”

ಸಿಟ್ಟಿನಲ್ಲೇ ಹೊಸ ಹಾಡಿನ ವಿಡಿಯೋ ಹಾಕಿದಳು. ಗಾಯಕನ ಬರಿಯ ಮುಖದಲ್ಲಿ ತನ್ನ ಕಣ್ಣೂ ಹಳೆಯ ಬಣ್ಣವನ್ನೇ ಹುಡುಕುತ್ತಿರುವುದು ತಿಳಿದಾಗ ಅವಳಿಗೆ ಇನ್ನಷ್ಟು ರೇಗಿತು.