ಕೈ ಎತ್ತಿದರೆ ಜೋರು

ನೀವು ನನ್ನನ್ನು ಸರಿಯಾಗಿ ನೋಡಿಲ್ಲದಿರಬಹುದು, ಆದರೆ ಕೇಳಿಯಂತೂ ಇರುತ್ತೀರಿ. ನಿಮ್ಮ ಮಧ್ಯಾಹ್ನದ ನಿದ್ದೆ ಕೆಡಿಸಿದ್ದೇನೆ, ಪರೀಕ್ಷೆಗೆ ಓದುವಾಗ ತಲೆ ತಿಂದಿದ್ದೇನೆ, ಪಕ್ಕದ ಓಣಿಯ ಮದುವೆಗೆ ಕರೆಯೋಲೆ ಇಲ್ಲದೆಯೂ ನಿಮ್ಮನ್ನು ಸೇರಿಸಿಕೊಂಡಿದ್ದೇನೆ. ನಾನು ಒಂದು ಮೈಕಿನ ಹಾರ್ನು. ಮರದ ಮೇಲೋ ಬಿದಿರಿನ ಗಳದ ತುದಿಗೋ ಕಟ್ಟುತ್ತಾರಲ್ಲ, ಅಗಲ ಬಾಯಿಯದು, ಅದೇ ನಾನು. ಬೈಯುವುದಿದ್ದರೆ ಮೊದಲು ಬೈದು ಮುಗಿಸಿ, ಆಮೇಲೆ ನನ್ನ ಕಥೆ ಕೇಳಿ.

ಹುಟ್ಟಿದಾಗ ನನಗೆ ಬಾಯಿಯೇ ಇರಲಿಲ್ಲ. ದಿಲ್ಲಿಯ ಕಡೆಯ ಒಂದು ಕಾರ್ಖಾನೆಯಲ್ಲಿ ನಾನು ಬರೀ ಅಲ್ಯೂಮಿನಿಯಂ ತಗಡು. ಗಿರಗಿರನೆ ತಿರುಗುವ ಯಂತ್ರಕ್ಕೆ ನನ್ನನ್ನು ಕಚ್ಚಿಸಿ, ಒಬ್ಬ ಕೆಲಸಗಾರ ಉದ್ದನೆಯ ಕೋಲಿನಿಂದ ಒತ್ತುತ್ತಾ ಒತ್ತುತ್ತಾ ಉಮ್ಮತ್ತಿ ಹೂವಿನ ಆಕಾರಕ್ಕೆ ತಂದ. ಹಿಂದುಗಡೆ ದನಿ ಹುಟ್ಟಿಸುವ ಯೂನಿಟ್ ಕೂಡಿಸಿದರು, ಅದು ನನ್ನ ಗಂಟಲು. ತಂತಿ ಜೋಡಿಸಿ ಯಾರೋ ‘ಹಲೋ’ ಎಂದಾಗ ಆ ಶಬ್ದ ನನ್ನಿಂದ ಹೊರಟು ಎದುರು ಗೋಡೆಗೆ ಬಡಿದು ವಾಪಸು ಬಂತು. ಎಂಥ ಖುಷಿ! ಅವತ್ತಿನಿಂದ ನನಗೆ ನನ್ನ ದನಿಯೆಂದರೆ ಬಹಳ ಪ್ರೀತಿ. ವಿನಯ ನನ್ನ ಗುಣವಲ್ಲ, ಈ ಕಥೆ ಮುಗಿಯುವವರೆಗೂ ಅದನ್ನು ನನ್ನಿಂದ ನಿರೀಕ್ಷಿಸಬೇಡಿ.

ಹುಬ್ಬಳ್ಳಿಯ ಅಂಗಡಿಯಿಂದ ನನ್ನನ್ನು ಕೊಂಡವನು ಸವಣೂರಿನ ಫಕ್ಕೀರಪ್ಪ. ಬಸ್ಸಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡೇ ಕರೆತಂದ. ಕಂಡಕ್ಟರ್ ನನ್ನನ್ನು ನೋಡಿ, “ಇದಕ್ಕೂ ಟಿಕೆಟ್ ತಗಸ್ರಿ” ಎಂದ.

“ನಮ್ಮ ಮನಿ ಕೂಸರೀ ಇದು. ಅರ್ಧಾ ಟಿಕೆಟ್ ಕೊಡ್ರಿ” ಎಂದು ಫಕ್ಕೀರಪ್ಪ ಇಡೀ ಬಸ್ಸನ್ನು ನಗಿಸಿದ.

ಮನೆಯಲ್ಲಿ ನಿಜವಾದ ಕೂಸೊಂದಿತ್ತು. ದಾಕ್ಷಾಯಣಿ, ಮನೆಯವರ ಬಾಯಲ್ಲಿ ದಾಕ್ಷಿ. ಅಂಬೆಗಾಲಿಡುತ್ತಾ ಬಂದು ನನ್ನ ಬಾಯೊಳಗೆ ತಲೆಯಿಟ್ಟು ‘ಕೂ’ ಎನ್ನುವಳು, ತನ್ನ ದನಿಗೆ ತಾನೇ ಬೆಚ್ಚಿಬಿದ್ದು ನಗುವಳು. ಮುಂದಿನ ಕೋಣೆ ಮೈಕ್ ಸೆಟ್ ಅಂಗಡಿ, ಹಿಂದೆ ಮನೆ. ಅಲ್ಲಿ ಫಕ್ಕೀರಪ್ಪನ ಹೆಂಡತಿ ನೀಲವ್ವ, ಅವನ ತಂಗಿ ಹೊಳೆವ್ವ. ಹೊಳೆವ್ವನಿಗೆ ಹುಟ್ಟಿನಿಂದ ಕಿವಿ ಕೇಳದು. ನಾನು ಬಂದ ದಿನ ಅಂಗಡಿಯ ಬಾಗಿಲಲ್ಲಿ ನನ್ನನ್ನು ಪರೀಕ್ಷಿಸಿದರು. ಓಣಿಯ ನಾಯಿಗಳೆಲ್ಲ ಓಡಿಹೋದವು, ಹೊಳೆವ್ವ ಮಾತ್ರ ನನ್ನ ಪಕ್ಕದಲ್ಲಿ ಕುಳಿತು ಮೆಂತ್ಯೆ ಸೊಪ್ಪು ಬಿಡಿಸುತ್ತಲೇ ಇದ್ದಳು. ನನಗೆ ಭಾರಿ ಅವಮಾನವಾಯಿತು.

ಮೈಕ್ ಸೆಟ್ಟಿನವರಿಗೆ ಒಂದು ಕಷ್ಟವಿದೆ. ಕೆಲಸದ ಹೊತ್ತಿನಲ್ಲಿ ಅವರು ಪರಸ್ಪರ ಮಾತಾಡುವಂತಿಲ್ಲ. ಆಂಪ್ಲಿಫೈಯರ್ ವೇದಿಕೆಯ ಹತ್ತಿರ ಇರುತ್ತದೆ, ನಾನು ಬಯಲಿನ ಆಚೆ ತುದಿಯಲ್ಲಿ. ನಾನು ಕೂಗುತ್ತಿರುವಾಗ ಯಾರ ಮಾತು ಯಾರಿಗೆ ಕೇಳೀತು? ಅದಕ್ಕೇ ಒಬ್ಬರು ಆಂಪ್ಲಿಫೈಯರಿನ ಗುಂಡಿ ಹಿಡಿದು ಕೂರುತ್ತಾರೆ, ಇನ್ನೊಬ್ಬರು ನನ್ನ ಕೆಳಗೆ ನಿಂತು ಕೈ ಮಾಡುತ್ತಾರೆ. ಅಂಗೈ ಎತ್ತಿದರೆ ಜೋರು. ಇಳಿಸಿದರೆ ಮೆಲ್ಲಗೆ. ಮುಷ್ಟಿ ಕಟ್ಟಿದರೆ ಬಂದ್.

ಬೇರೆಯವರಿಗೆ ಇಷ್ಟೇ ಸಾಕು. ಫಕ್ಕೀರಪ್ಪನಿಗೂ ದಾಕ್ಷಿಗೂ ಸಾಲಲಿಲ್ಲ. ಮನೆಯಲ್ಲಿ ಹೊಳೆವ್ವನೊಂದಿಗೆ ಆಡುತ್ತಿದ್ದ ಕೈಮಾತನ್ನೆಲ್ಲ ಅವರು ಬಯಲಿಗೆ ತಂದರು. ಹುಡುಗಿ ಲಂಗ ಎತ್ತಿ ಕಟ್ಟಿಕೊಂಡು ಗಳ ಹತ್ತಿ ನನ್ನನ್ನು ಕಟ್ಟುವಷ್ಟು ದೊಡ್ಡವಳಾಗುವ ಹೊತ್ತಿಗೆ, ಅಪ್ಪ ಮಗಳು ಎಷ್ಟು ದೂರದಿಂದಲೂ ಏನು ಬೇಕಾದರೂ ಮಾತಾಡುತ್ತಿದ್ದರು. ಉಪ್ಪಿಟ್ಟು ಖಾಲಿಯಾಗುತ್ತಿದೆ, ಬೇಗ ಬಾ. ಭಾಷಣದವರ ಧೋತರ ಜಾರುತ್ತಿದೆ, ನೋಡು. ಎಲ್ಲವೂ ಕೈಯಲ್ಲಿ. ನೀಲವ್ವನಿಗೆ ಇದರಿಂದ ರೋಸಿಹೋಗಿತ್ತು. “ಮನ್ಯಾಗ ಉಣ್ಣಾಕ ಕುಂತಾಗೂ ಕೈ ಮಾಡ್ತಾರ. ರೊಟ್ಟಿ ಬೇಕೋ, ಸಾಕೋ, ಒಂದೂ ತಿಳಿಯಂಗಿಲ್ಲ ನನಗ!” ಎನ್ನುವಳು.

ದಾಕ್ಷಿ ಕಾಲೇಜು ಮುಗಿಸಿದ ವರ್ಷ ಫಕ್ಕೀರಪ್ಪ ಅಂಗಡಿಗೆ ಹೊಸ ಬೋರ್ಡು ಬರೆಸಿದ. ‘ಫಕ್ಕೀರಪ್ಪ ಮತ್ತು ಮಗಳು, ಮೈಕ್ ಸೆಟ್ಟಿನವರು.’ ಕೆಂಪು ಅಕ್ಷರ, ಹಳದಿ ನೆರಳು. ಓಣಿಯವರನ್ನೆಲ್ಲ ಕರೆದು ಪೇಢೆ ಹಂಚಿದ. ಮಗಳನ್ನು ಕೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಅವಳೂ ಆಗ ಬೇಡವೆನ್ನಲಿಲ್ಲ, ಏಕೆಂದರೆ ಕೆಲಸ ಅವಳಿಗೆ ನಿಜಕ್ಕೂ ಇಷ್ಟವಿತ್ತು. ನನ್ನಂಥದರ ಒಡನಾಟ ಯಾರಿಗೆ ಬೇಡ ಹೇಳಿ?

ಆಮೇಲೆ ಬಂತು ಆ ಆಗಸ್ಟ್ ಹದಿನೈದು. ಹಾವೇರಿಯಲ್ಲಿ ಕಿವಿ ಕೇಳದ ಮಕ್ಕಳ ಶಾಲೆಯೊಂದರ ಧ್ವಜಾರೋಹಣಕ್ಕೆ ನಮ್ಮನ್ನು ಕರೆದರು. ಮಕ್ಕಳಿಗೆ ಮೈಕು ಬೇಕಿರಲಿಲ್ಲ, ಬಂದ ಅತಿಥಿಗಳಿಗೆ ಬೇಕಿತ್ತು. ಅತಿಥಿಗಳು ಮಾತಾಡಿದರು, ಮಾತಾಡುತ್ತಲೇ ಇದ್ದರು. ನಾನು ಗಂಟಲು ಹರಿಯುವಂತೆ ಕೂಗಿದೆ. ಸಾಲಾಗಿ ಕುಳಿತ ಒಂದು ಮಗುವೂ ತಲೆಯೆತ್ತಿ ನನ್ನನ್ನು ನೋಡಲಿಲ್ಲ. ಮಕ್ಕಳಿಗೆ ಕಾಣುವಂತೆ ನನ್ನ ಕೆಳಗೆ ನಿಂತಿದ್ದ ದಾಕ್ಷಿ ಬೇಸತ್ತು ಅಪ್ಪನಿಗೆ ಕೈ ಮಾಡಿದಳು: ‘ಈ ಮನುಷ್ಯನಿಗೆ ಮುಷ್ಟಿ ಕಟ್ಟುವವರು ಯಾರೂ ಇಲ್ಲವೇ?’

ಮಕ್ಕಳ ಸಾಲಿಗೆ ಸಾಲೇ ಘೊಳ್ಳೆಂದು ನಕ್ಕಿತು!

ದಾಕ್ಷಿ ಗಾಬರಿಯಾಗಿ ನಿಂತಳು. ಅವಳ ಮತ್ತು ಅಪ್ಪನ ಗುಟ್ಟಿನ ಮಾತು ಇಷ್ಟೊಂದು ಮಂದಿಗೆ ತಿಳಿದುಬಿಟ್ಟಿತ್ತು. ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳು ಅವಳನ್ನು ಬಿಡಲಿಲ್ಲ. ನಾನು ಗಳದ ಮೇಲೆ ಬಿಸಿಲಿನಲ್ಲಿ ನೇತಾಡುತ್ತಾ ನೋಡುತ್ತಿದ್ದೆ. ಅವಳ ಮುಖದಲ್ಲಿ ಅವತ್ತು ಕಂಡ ಬೆಳಕು ನನ್ನನ್ನು ಗಳಕ್ಕೆ ಕಟ್ಟುವಾಗ ಎಂದೂ ಕಂಡಿರಲಿಲ್ಲ. ಹೊಟ್ಟೆಕಿಚ್ಚಾಯಿತು ಎಂದು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಮುಂದಿನ ಬೇಸಿಗೆಯಲ್ಲಿ ಅವಳಿಗೆ ಮೈಸೂರಿನಲ್ಲಿ ಅಂಥ ಮಕ್ಕಳ ಶಿಕ್ಷಕಿಯಾಗುವ ತರಬೇತಿಗೆ ಸೀಟು ಸಿಕ್ಕಿತು. ಫಕ್ಕೀರಪ್ಪ ಕೇಳಿದವನೇ ಸಿಡುಕಿದ.

“ಕಿವಿ ಕೇಳದ ಮಕ್ಕಳಿಗೆ ನೀ ಏನ ಹೇಳಾಕಿ? ನಡಿಯೂ ದಂಧೆ ಬಿಟ್ಟು, ಬೋರ್ಡಿನ ಮ್ಯಾಲಿನ ಹೆಸರು ಬಿಟ್ಟು ಹೊಕ್ಕಾಳಂತ!”

“ದಂಧೆ ಬ್ಯಾಡ ಅಂತ ನಾ ಎಲ್ಲಿ ಅಂದೆ ಯಪ್ಪಾ?”

“ಮತ್ತ ಇರು.”

ಅವಳು ಮಾಳಿಗೆಗೆ ಬಂದು ನನ್ನ ಧೂಳು ಒರೆಸುತ್ತಾ ಕುಳಿತಳು. “ಹೋದ್ರ ಯಪ್ಪ ಒಬ್ಬಾವ ಆಗ್ತಾನ. ಉಳಿದ್ರ ನಾ ದಿನಾ ಆ ಮಕ್ಕಳ್ನ ನೆನಸ್ತೀನಿ. ನೀನರ ಹೇಳು, ಏನ ಮಾಡ್ಲಿ?” ಎಂದಳು. ಊರಿಗೆಲ್ಲ ಕೇಳುವಂತೆ ಕೂಗುವ ನನಗೆ ಅವಳೊಬ್ಬಳಿಗೆ ಹೇಳಲು ಒಂದು ಮಾತೂ ಇರಲಿಲ್ಲ. ತಂತಿ ಜೋಡಿಸದೆ ನಾನು ಏನು ತಾನೇ ಹೇಳಲಿ?

ಸೋಮವಾರ ಮೈಸೂರಿನಲ್ಲಿ ಹಾಜರಾಗಬೇಕಿತ್ತು, ತಪ್ಪಿದರೆ ಸೀಟು ಬೇರೆಯವರ ಪಾಲು. ಭಾನುವಾರ ಸಂಜೆ ಬಸ್ಸು. ಭಾನುವಾರ ಮಧ್ಯಾಹ್ನವೇ ಪಕ್ಕದ ಹಳ್ಳಿಯ ಮದುವೆಗೆ ನಮ್ಮ ಮೈಕು. ಮನೆಮಂದಿಗೆಲ್ಲ ಊಟಕ್ಕೆ ಕರೆಯಿತ್ತು, ಹಾಗಾಗಿ ಹೊಳೆವ್ವನೂ ಹೆಂಗಸರ ನಡುವೆ ಕುಳಿತಿದ್ದಳು. ದಾಕ್ಷಿ ಆಂಪ್ಲಿಫೈಯರಿನ ಮುಂದೆ, ಫಕ್ಕೀರಪ್ಪ ಚಪ್ಪರದ ಆಚೆ ತುದಿಯಲ್ಲಿ ನನ್ನ ಕೆಳಗೆ. ನಾನು ಕ್ಯಾಸೆಟ್ಟಿನ ಸನಾದಿಯ ರಾಗವನ್ನು ಹದವಾಗಿ ಹರಿಸುತ್ತಿದ್ದೆ. ಮಂದಿ ಅಕ್ಕಿಕಾಳು ಹಿಡಿದು ತಾಳಿ ಕಟ್ಟುವುದನ್ನೇ ಕಾಯುತ್ತಿದ್ದರು.

ದಾಕ್ಷಿಗೆ ತಡೆಯಲಾಗಲಿಲ್ಲ. ಬಲಗೈಯಲ್ಲಿ ಅಪ್ಪನನ್ನು ಕೇಳಿದಳು: ‘ಸಂಜೆ ಬಸ್ಸಿಗೆ ಹೋಗಲೇನು?’

ಫಕ್ಕೀರಪ್ಪ ಎರಡೂ ಕೈ ಮೇಲೆತ್ತಿದ. ‘ಯಾಕೆ? ಇಲ್ಲಿ ನಿನಗೇನು ಕಡಿಮೆ?’ ಎಂದು ಅವನ ಅರ್ಥ. ಆದರೆ ಅವಳ ಎಡಗೈ ಗುಂಡಿಯ ಮೇಲಿತ್ತು. ಅಪ್ಪ ಅಂಗೈ ಎತ್ತಿದನೆಂದರೆ ಆ ಕೈ ತಾನಾಗಿ ತಿರುಗುತ್ತದೆ, ಚಿಕ್ಕಂದಿನ ಅಭ್ಯಾಸ. ನಾನು ಒಮ್ಮೆಲೇ ಚಪ್ಪರ ಕಿತ್ತುಹೋಗುವಂತೆ ಮೊಳಗಿದೆ.

ವಾದ್ಯ ಜೋರಾಯಿತೆಂದರೆ ಕೊರಳಿಗೆ ತಾಳಿ ಬಿತ್ತು ಎಂದೇ ಮಂದಿಗೆ ಲೆಕ್ಕ. ಎಲ್ಲರೂ ಅಕ್ಕಿಕಾಳು ಎಸೆದರು. ಮದುಮಗನ ಬಾಸಿಂಗದ ತುಂಬ ಅಕ್ಕಿ, ಮದುಮಗಳ ಕಣ್ಣೊಳಗೆ ಅಕ್ಕಿ. ಮದುವೆ ಮಾಡಿಸುತ್ತಿದ್ದ ಅಯ್ಯನವರು ಎದ್ದು ನಿಂತು ಕೂಗಿದರು: “ಏ ತಡೀರೆಪಾ, ತಾಳಿ ಇನ್ನೂ ನನ್ನ ಕೈಯಾಗೈತಿ!”

ಫಕ್ಕೀರಪ್ಪ ಅಂಗೈ ಇಳಿಸಿದ, ‘ಸಮಾಧಾನ ತಗೋ’ ಎಂದು. ನಾನು ಪಿಸುಗುಟ್ಟಿದೆ. ದಾಕ್ಷಿ ಮತ್ತೆ ಕೇಳಿದಳು. ಅವನು ಮತ್ತೆ ಕೈ ಎತ್ತಿದ. ನಾನು ಮತ್ತೆ ಮೊಳಗಿದೆ. ಕಡೆಗೆ ಅವನು ರೇಗಿ, ಈ ಮಾತು ಇಲ್ಲಿಗೆ ಮುಗಿಯಿತು ಎಂದು ಮುಷ್ಟಿ ಕಟ್ಟಿ, ಅದೇ ಗಳಿಗೆಯಲ್ಲಿ ಬಾಯಿ ಬಿಟ್ಟೂ ಕೂಗಿದ. ನನ್ನ ಗದ್ದಲದಲ್ಲಿ ಯಾರಿಗೂ ಕೇಳಿಸದೆಂಬ ಧೈರ್ಯ ಅವನಿಗೆ. ಆದರೆ ಮುಷ್ಟಿ ಕಂಡ ಮಗಳ ಕೈ ನನ್ನನ್ನು ಬಂದ್ ಮಾಡಿಬಿಟ್ಟಿತ್ತು.

“ನೀ ಹೋದ್ರ ಈ ಕಡೆ ನಿಂತು ಕೈ ಮಾಡಾಕ ನನಗ ಯಾರದಾರ?”

ಮೈಕಿಲ್ಲದೆಯೂ ಇಡೀ ಮದುವೆಗೆ ಕೇಳಿತು.

ನನ್ನ ಕೆಳಗೆ ವರ್ಷಗಟ್ಟಲೆ ನಿಂತು ಫಕ್ಕೀರಪ್ಪನ ಕಿವಿ ಮಂದವಾಗಿದ್ದವು. ಮಂದಿ ಆಡುವ ಮಾತು ಅವನಿಗೆ ಅಷ್ಟಿಷ್ಟು ಮುಟ್ಟುತ್ತಿತ್ತು, ಮಗಳ ಕೈ ಮಾತ್ರ ಪೂರ್ತಿ ಕೇಳುತ್ತಿತ್ತು. ದಂಧೆ, ಬೋರ್ಡು ಎಲ್ಲ ಬರೀ ನೆಪವೆಂದು ದಾಕ್ಷಿಗೆ ಆಗ ತಿಳಿಯಿತು. ಅವಳ ಕಣ್ಣು ತುಂಬಿ ಬಂದವು.

ಆಗ ಹೊಳೆವ್ವ ಎದ್ದಳು. ಅಣ್ಣನ ಕೂಗು ಅವಳಿಗೆ ಕೇಳಿರಲಿಲ್ಲ. ಆದರೆ ಚಪ್ಪರದಲ್ಲಿ ಆ ಜಗಳವನ್ನು ಮೊದಲಿನಿಂದ ಕಡೆಯವರೆಗೆ ಓದಿದವಳು ಅವಳೊಬ್ಬಳೇ. ನೇರವಾಗಿ ನನ್ನ ಬಳಿ ಬಂದು, ಅಣ್ಣನ ತೋಳು ಹಿಡಿದು ಆಂಪ್ಲಿಫೈಯರಿನ ಕಡೆ ದಬ್ಬಿದಳು. ತನ್ನ ಎದೆ ಮುಟ್ಟಿಕೊಂಡು ನೆಲ ತೋರಿಸಿದಳು: ಇಲ್ಲಿ ನಾನು. ಒಂದು ಅಂಗೈಯನ್ನು ನನ್ನ ಗಳಕ್ಕೆ ಒತ್ತಿ ಹಿಡಿದು ಇನ್ನೊಂದನ್ನು ಮೇಲೆತ್ತಿದಳು. ದಾಕ್ಷಿ ಗುಂಡಿ ತಿರುವಿದಳು. ಬಿದಿರಿನೊಳಗೆ ನನ್ನ ನಡುಕ ಇಳಿದು ಹೊಳೆವ್ವನ ಕೈಗೆ ಮುಟ್ಟಿತು. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಸಾಕು. ನನ್ನ ದನಿ ಅಷ್ಟು ಹದವಾಗಿ ಎಂದೂ ಬಂದಿರಲಿಲ್ಲ, ಇದನ್ನು ನಾನೇ ಒಪ್ಪಿದ ಮೇಲೆ ನೀವೂ ಒಪ್ಪಬೇಕು.

ಫಕ್ಕೀರಪ್ಪ ಆಂಪ್ಲಿಫೈಯರಿನ ಹತ್ತಿರ ಹೋಗಿ ಮಗಳ ತಲೆಯ ಮೇಲೆ ಕೈಯಿಟ್ಟ. “ಏಳು. ಆ ಖುರ್ಚಿ ನಂದು” ಎಂದ. ಆಮೇಲೆ, “ಉಂಡು ಹೋಗು ಮತ್ತ, ಬಸ್ ತನಕ ನಾನ ಬರ್ತೀನಿ” ಎಂದ.

ಚೆಲ್ಲಿದ ಅಕ್ಕಿಕಾಳನ್ನು ಮಂದಿ ನೆಲದಿಂದ ಆರಿಸಿಕೊಂಡರು. ಮದುವೆ ಎರಡನೆಯ ಸಲ ಇನ್ನೂ ಚೆನ್ನಾಗಿ ಆಯಿತು.

ಕಿವಿ ಮಂದವಾದವನೂ ಕಿವಿಯೇ ಕೇಳದವಳೂ ಮೈಕು ನಡೆಸುತ್ತಾರೆಂದು ಊರು ಮೊದಮೊದಲು ನಕ್ಕಿತು. ಆಮೇಲೆ ಅವರನ್ನೇ ಹುಡುಕಿಕೊಂಡು ಬಂತು. ಕಿವಿಗೆ ಹಿತವಾಗಿ ಮೈಕು ಹಚ್ಚುವವರು ಸುತ್ತ ಬೇರೆ ಯಾರೂ ಇರಲಿಲ್ಲ. ಪೇಂಟರನ್ನು ಕರೆಸಿ ಬೋರ್ಡಿನಲ್ಲಿ ‘ಮಗಳು’ ಅಳಿಸಿ ‘ತಂಗಿ’ ಎಂದು ಬರೆಸಿದರು. ಹೊಳೆವ್ವ ದಿನಾ ಆ ಬೋರ್ಡು ಒರೆಸುವ ನೆಪದಲ್ಲಿ ಆ ಎರಡಕ್ಷರವನ್ನೇ ಹೆಚ್ಚು ಒರೆಸುತ್ತಿದ್ದಳು.

ಕಾಲ ಹೋದಂತೆ ದೊಡ್ಡ ದೊಡ್ಡ ಸ್ಪೀಕರ್ ಡಬ್ಬಿಗಳು ಬಂದವು, ಎದೆ ಗುದ್ದುವಂಥವು. ನನ್ನನ್ನು ಅಟ್ಟಕ್ಕೆ ಸೇರಿಸಿದರು. ಗುಜರಿಯವನು ಎರಡು ಸಲ ಬಂದು ನನ್ನ ಬಾಯಿ ತಟ್ಟಿ ನೋಡಿ ಹೋದ. ನನ್ನದು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ದಾಕ್ಷಿ ಬಂದಳು. ಹಾವೇರಿಯ ಅದೇ ಶಾಲೆಯಲ್ಲಿ ಅವಳೀಗ ಟೀಚರು. “ಈ ನಮ್ಮ ಮನಿ ಕೂಸನ್ನ ನಮ್ಮ ಸಾಲಿಗೆ ಕೊಡು ಯಪ್ಪಾ” ಎಂದಳು.

ಈಗ ನಾನಿರುವುದು ಆ ಶಾಲೆಯ ಜಗಲಿಯ ಕಂಬದಲ್ಲಿ, ಮಕ್ಕಳ ಎತ್ತರಕ್ಕೆ. ಕಟ್ಟಿದ ದಿನ ಫಕ್ಕೀರಪ್ಪನೂ ಹೊಳೆವ್ವನೂ ಬಂದಿದ್ದರು. ಫಕ್ಕೀರಪ್ಪ ಅಂಗಳದ ಆಚೆ ತುದಿಯಲ್ಲಿ ಆಂಪ್ಲಿಫೈಯರ್ ಇಟ್ಟುಕೊಂಡು ‘ಹಲೋ, ಹಲೋ’ ಎಂದ. ಒಂದು ಮಗುವೂ ತಿರುಗಲಿಲ್ಲ. ಹಳೆಯ ಅವಮಾನ ನೆನಪಾಗಿ ನಾನು ಕುಗ್ಗಿದೆ. ಹೊಳೆವ್ವ ಒಂದು ಪುಟ್ಟ ಹುಡುಗಿಯ ಕೈ ಹಿಡಿದು ನನ್ನ ಅಂಚಿನ ಮೇಲಿಟ್ಟಳು. ಹುಡುಗಿ ಬೆಚ್ಚಿ ಕೈ ತೆಗೆದಳು, ನಕ್ಕಳು, ಮತ್ತೆ ಇಟ್ಟಳು, ಗೆಳತಿಯನ್ನು ಎಳೆದು ತಂದಳು. ನೋಡುನೋಡುತ್ತಿದ್ದಂತೆ ನನ್ನ ಬಾಯಿಯ ಸುತ್ತ ಬರೀ ಅಂಗೈಗಳು. ಹುಟ್ಟಿದಾಗಿನಿಂದ ನಾನು ಕೂಗಿದಾಗೆಲ್ಲ ಹತ್ತಿರದವರು ಕಿವಿ ಮುಚ್ಚಿಕೊಂಡಿದ್ದಾರೆ. ಇಷ್ಟು ಹತ್ತಿರ ಬಂದು ನನ್ನನ್ನು ಕೇಳಿದವರು ಇವರೇ ಮೊದಲು.

ದಾಕ್ಷಿ ಅಪ್ಪನ ಕಡೆ ಅಂಗೈ ಎತ್ತಿದಳು. ಹೊಳೆವ್ವನೂ ಎತ್ತಿದಳು. ಮಕ್ಕಳು ಇಬ್ಬರನ್ನೂ ನೋಡಿದರು, ತಾವೂ ಎತ್ತಿದರು. ಅಂಗಳದ ಈ ಕಡೆಯಿಡೀ ಫಕ್ಕೀರಪ್ಪನಿಗಾಗಿ ಎದ್ದ ಕೈಗಳು.

ಅವನು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡು, ನಗುತ್ತಾ ಗುಂಡಿ ತಿರುವಿದ. ನಾನು ಬಾಯ್ತುಂಬ ಕೂಗಿದೆ.