ಚೆಲುವಿಯ ಗೃಹಪ್ರವೇಶ

"ಹೆಣ್ಣು ನೋಡೋಕೆ ಬಂದಿದೀವೇನೇ ನಿನ್ನ ಹಸೂನ, ಹಿಂಗೆ ನಾಚ್ಕೊಂಡು ನಿಂತೈತೆ? ತಳ್ಳೇ ಒಳಕ್ಕೆ, ಮುಂಡೆ!"

ಸೋಮಲಿಂಗಪ್ಪನ ಆರ್ಭಟಕ್ಕೆ ಬೆಚ್ಚಿದ್ದು ಹಸುವಲ್ಲ, ಲಿಫ್ಟಿನ ಬಾಗಿಲು. ಮುಚ್ಚಿಕೊಳ್ಳೋಕೆ ಬಂದು, ಚೆಲುವಿಯ ಕೊರಳಿಗೆ ತಾಗಿ, ಮತ್ತೆ ತೆರೆದುಕೊಂಡಿತು. ತಲೆ, ಕೊಂಬು, ಚೆಂಡುಹೂವಿನ ಹಾರ ಲಿಫ್ಟಿನೊಳಗೆ; ಮಿಕ್ಕ ಹಸುವೆಲ್ಲ ಕಾರ್ ಪಾರ್ಕಿಂಗಿನಲ್ಲಿ. ಆರು ಜನಕ್ಕೆ ಅಂತ ಒಳಗೆ ಬರೆದಿತ್ತು. ಒಂದು ಹಸು ಅಂದರೆ ಎಷ್ಟು ಜನ ಅಂತ ಬರೆದಿರಲಿಲ್ಲ.

"ಆಗಾಕಿಲ್ಲ ಬುದ್ದಿ," ಅಕ್ಕು ಹಗ್ಗ ಹಿಡಿದು ಬೆವರುತ್ತಾ ಅಂದಳು. "ಇಲ್ಲೇ ಕೆಳಗೇ ಪೂಜೆ ಮಾಡ್ಬುಡಿ. ಪಕ್ಕದ ಬೀದೀಲಿ ಎಲ್ಲಾ ಪ್ಲಾಟ್ನೋರೂ ಹಂಗೇ ಮಾಡುಸ್ತಾರೆ."

"ಪಕ್ಕದ ಬೀದಿಯೋರು ಪಾರ್ಕಿಂಗಲ್ಲಿ ಸಂಸಾರ ಮಾಡ್ತಾರೇನೇ? ನನ್ನ ಮಗಳು ಇರೋದು ಎರಡನೇ ಫ್ಲೋರಲ್ಲಿ. ಗೋಮಾತೆ ಅಲ್ಲೇ ಕಾಲಿಡ್ಬೇಕು. ಬೀಗರ ಮುಂದೆ ನನ್ನ ಮಾನ ಕಳೀಬೇಡ."

ಮದರಾಸಿನ ಕೋಡಂಬಾಕ್ಕಂನ ಆ ಜಾಗದಲ್ಲಿ ಮುಂಚೆ ಇದ್ದದ್ದು, ಒಣಮೆಣಸಿನಕಾಯಿ ವ್ಯಾಪಾರಕ್ಕೆ ಅಲ್ಲಿಗೆ ಬಂದ ಸೋಮಲಿಂಗಪ್ಪನ ಅಪ್ಪ ಕಟ್ಟಿಸಿದ ಹೆಂಚಿನ ಮನೆ. ಬೀದಿಗೆ ಅಗಲ ಜಗಲಿ, ಹಿತ್ತಲಲ್ಲಿ ಬಾವಿ, ಬಾವಿಯ ಆಚೆ ಕೊಟ್ಟಿಗೆ. ಕೊಳ್ಳೇಗಾಲದ ಕಡೆಯಿಂದ ಎರಡು ಹಸು ಹೊಡೆದುಕೊಂಡು ಬಂದ ಅಕ್ಕುವಿನ ಅತ್ತೆಗೆ ಆ ಯಜಮಾನರು "ಹಿಂದೆ ಇರ್ಕೋ ತಾಯಿ, ಮನೆಗೆ ಹಾಲು ಹಾಕು" ಅಂದಿದ್ದರು. ಅಷ್ಟೇ, ಬಾಯಿಮಾತು. ಆಗ ಬಾಯಿಗೆ ಬೆಲೆ ಇತ್ತು. ಈಗ ಬಾಯಿ ಮಾಡೋರಿಗೆ ಬೆಲೆ.

ಅಪ್ಪ ಸತ್ತ ಮೇಲೆ ಮಗ ಫ್ಲಾಟು ಕಟ್ಟಿಸುವ ಪ್ರಮೋಟರ್ ಆದ. ಪ್ರಮೋಟರ್ ಅಂದರೆ ಮನೆಗೆ ಪ್ರಮೋಷನ್ ಕೊಟ್ಟು ಮೇಲಕ್ಕೆ ಏರಿಸುವವನು. ಮನೆಯ ಹಿಂದೆ ಇದ್ದವರಿಗೆ ಡಿಮೋಷನ್ ಕೊಟ್ಟು ಬೀದಿಗೆ ಇಳಿಸುವವನು. ಜಗಲಿ ಹೋಯಿತು. ನೀರಿದ್ದ ಬಾವಿಯನ್ನು ಕಲ್ಲುಮಣ್ಣು ತುಂಬಿ ಮುಚ್ಚಿದರು. ಆಮೇಲೆ ಮಳೆನೀರು ಇಂಗಿಸಲೇಬೇಕು ಅಂತ ಸರ್ಕಾರದ ಆರ್ಡರ್ ಬಂತು, ಅದರ ಪಕ್ಕದಲ್ಲೇ ಗುಂಡಿ ತೋಡಿದರು. ನಾಲ್ಕು ಅಂತಸ್ತು ಎದ್ದಿತು. ಗೇಟಿನ ಮೇಲೆ ಸಿಮೆಂಟಿನ ಬಸವಣ್ಣ ಕೂತ, ಕೆಳಗೆ 'ನಂದಿ ಎನ್‌ಕ್ಲೇವ್' ಅಂತ ಬಂಗಾರದ ಬಣ್ಣದ ಅಕ್ಷರ.

ಇದೆಲ್ಲ ನೋಡಿ ಅಕ್ಕುವಿಗೂ ಒಂದು ಅಭಿಪ್ರಾಯ ಇತ್ತು. ಯಾರೂ ಕೇಳದ ಕಾರಣ ಹಾಲು ಕರೆಯುವಾಗ ಚೆಲುವಿಗೇ ಹೇಳುತ್ತಿದ್ದಳು: "ಮುಂಚೆ ಮನೆಗ್ಳು ಕುಂತಿರ್ತಿದ್ದೋ ಕನವ್ವ. ಈಗ ಎಲ್ಲಾ ನಿಂತ್ಕಂಡವೆ. ಕಾರ್ಗೆ ನೆಳ್ಳು ಬೇಕು ಅಂತ ಮನೇನೇ ಕಂಬದ ಮೇಲೆ ನಿಲ್ಸವ್ರಲ್ಲ, ಅದ್ಕೆ ಕಾಲು ನೋಯಾಕಿಲ್ವಾ?"

ಕೊಟ್ಟಿಗೆ ಮಾತ್ರ ಉಳಿದಿತ್ತು. ಅಕ್ಕು ಅಲ್ಲೇ ಮಲಗಿ, ಅಲ್ಲೇ ಎದ್ದು, ಹಾಲು ಮಾರಿ ಬದುಕುತ್ತಿದ್ದಳು. ಗಂಡ ಇರಲಿಲ್ಲ, ಅತ್ತೆಯೂ ತೀರಿಕೊಂಡಿದ್ದಳು. ಹೋದ ವಾರ ಸೋಮಲಿಂಗಪ್ಪ ತಾನಾಗಿ ಬಂದು ಮೂಗು ಮುಚ್ಚಿಕೊಂಡು ನಿಂತಿದ್ದ.

"ಮಗಳು ಶಿಲ್ಪಶ್ರೀದು ಗೃಹಪ್ರವೇಶ ಐತೆ. ಹಸು ಕರ್ಕೊಂಡು ಬಾ. ನಿನ್ನ ಕೊಟ್ಟಿಗೆ ತಂಟೆಗೆ ನಾನು ಬರಲ್ಲ, ಹೋಗು."

ಆ ಮಾತಿಗೇ ಅಕ್ಕು ಇವತ್ತು ಚೆಲುವಿಯನ್ನು ಸೀಗೇಕಾಯಿ ಹಾಕಿ ತೊಳೆದು, ಕೊಂಬಿಗೆ ಅರಿಶಿನ ಬಳಿದು ತಂದದ್ದು.

ಲಿಫ್ಟು ಕೈಬಿಟ್ಟರು. ಮೆಟ್ಟಿಲಿಗೆ ಗೋಣಿತಾಟು ಹಾಸಿದರು. ಅಕ್ಕು ಅಂಗೈಯಲ್ಲಿ ಬೆಲ್ಲ ಹಿಡಿದು ಹಿಂದುಹಿಂದಕ್ಕೆ ಹತ್ತಿದಳು, ಬೆಲ್ಲದ ಹಿಂದೆ ಚೆಲುವಿ ಹತ್ತಿತು, ಚೆಲುವಿಯ ಹಿಂದೆ ವಾಚ್‌ಮನ್ನು, ವಾಚ್‌ಮನ್ನಿನ ಹಿಂದೆ ರೇಷ್ಮೆ ಸೀರೆಗಳು. ಹತ್ತಿಸುವ ಸಡಗರದಲ್ಲಿ ಇಳಿಸುವ ವಿಚಾರ ಯಾರ ತಲೆಗೂ ಬರಲಿಲ್ಲ. ಅಕ್ಕುವಿನ ತಲೆಗೂ ಬರಲಿಲ್ಲ. ಅವಳೂ ಚೆಲುವಿಯೂ ಹುಟ್ಟಿದಾಗಿನಿಂದ ನೆಲದವರು.

ಹೊಸ್ತಿಲಲ್ಲಿ ಶಿಲ್ಪಶ್ರೀ ಅಡ್ಡ ನಿಂತಳು. "ಅಪ್ಪಾ, ವೆಯಿಟ್ ವೆಯಿಟ್. ಹಸು ಮಾತ್ರ ಒಳಗೆ ಬರ್ಲಿ. ಅವಳು ಔಟ್‌ಸೈಡ್ ಇರ್ಲಿ. ಕಾಲು ನೋಡಿ, ಛೀ."

ಇಬ್ಬರ ಕಾಲೂ ತುಳಿದದ್ದು ಒಂದೇ ಕೆಸರು. ಆದರೆ ಚೆಲುವಿಗೆ ನಾಲ್ಕು ಇದ್ದವು, ಅದಕ್ಕೇ ಮರ್ಯಾದೆ ಡಬಲ್. ವಾಚ್‌ಮನ್ ಹಗ್ಗ ಎಳೆದ. ಹಸು ಕದಲಲಿಲ್ಲ. ಕೊನೆಗೆ ಪೂಜೆಗೆ ಬಂದಿದ್ದ ಅಯ್ನೋರು ಒಂದು ದಾರಿ ಹುಡುಕಿದರು.

"ಹಗ್ಗದ ಜತೆ ಬಂದ್ರೆ ದೋಷ ಇಲ್ಲ ಬಿಡ್ರಮ್ಮಾ. ಆಮೇಲೆ ನೀರು ಚಿಮುಕಿಸಿದರಾಯ್ತು."

ಹಗ್ಗದ ಇನ್ನೊಂದು ತುದಿಯಾಗಿ ಅಕ್ಕು ಒಳಗೆ ಬಂದಳು.

ಪೂಜೆ ಸಾಂಗವಾಗಿ ನಡೆಯಿತು. ಚೆಲುವಿ ನಡುಮನೆಯಲ್ಲಿ ಉಚ್ಚೆ ಹೊಯ್ದಾಗ ಹೆಂಗಸರೆಲ್ಲ ಓಡಿಬಂದು ಮಾವಿನೆಲೆಯಲ್ಲಿ ಅದ್ದಿ ಮೂಲೆಮೂಲೆಗೆ ಚಿಮುಕಿಸಿದರು. ಸಗಣಿ ಹಾಕಿದಾಗ "ಲಕ್ಷ್ಮಿ, ಲಕ್ಷ್ಮಿ!" ಅಂತ ಕೈಮುಗಿದರು. ಮಂಗಳಾರತಿ ಆಯಿತು. ಚೆಲುವಿ ಇನ್ನೊಂದು ಸಲ ಹಾಕಿತು.

"ಅಯ್ಯಯ್ಯೋ, ನನ್ನ ಟೈಲ್ಸು! ಏ, ಏನಮ್ಮಾ ನೀನು, ಕಂಟ್ರೋಲ್ ಮಾಡಕ್ಕಾಗಲ್ವಾ?" ಶಿಲ್ಪಶ್ರೀ ಕಿರುಚಿದಳು.

ಮಂಗಳಾರತಿಗೆ ಮುಂಚೆ ಹಾಕಿದರೆ ಗೋಮಯ, ಆಮೇಲೆ ಹಾಕಿದರೆ ಸಗಣಿ. ಅಕ್ಕು ಅದನ್ನು ಬಾಚೋಕೆ ಅಂತ ಬಗ್ಗಿದಾಗಲೇ ಹಿತ್ತಲ ಕಡೆಯಿಂದ ಗುಡುಗಿದ ಹಾಗೆ ಸದ್ದು ಬಂತು. ಬಾಲ್ಕನಿಗೆ ಓಡಿ ಬಗ್ಗಿ ನೋಡಿದಳು.

ಕೆಳಗೆ ಹಳದಿ ಜೆಸಿಬಿ ಕೊಟ್ಟಿಗೆಯ ಸೂರಿಗೆ ಬಾಯಿ ಹಾಕಿತ್ತು. ಗೋಡೆ ಆಗಲೇ ಮಕಾಡೆ ಮಲಗಿತ್ತು. ಅವಳ ಟ್ರಂಕು, ಚಾಪೆ, ಹಾಲಿನ ಕ್ಯಾನುಗಳು, ಅತ್ತೆಯ ಫೋಟೋ ಎಲ್ಲಾ ಹಿತ್ತಲ ಆಚೆಯ ಬೀದಿಯಲ್ಲಿ ಚೆಲ್ಲಿದ್ದವು.

"ಬುದ್ದಿ! ಏನ್ ಬುದ್ದಿ ಇದು? ಕೊಟ್ಗೆ ತಂಟೆಗ್ ಬರಾಕಿಲ್ಲ ಅಂದಿದ್ರಿ!"

ಸೋಮಲಿಂಗಪ್ಪ ಸೆಲ್ ಫೋನಿನಿಂದ ಮುಖ ಎತ್ತಿದ. "ನಾನೆಲ್ಲೇ ಬಂದೆ? ಬಂದಿರೋದು ಜೆಸಿಬಿ."

ಬೀಗರು ನಕ್ಕರು. ಆ ನಗು ಅವನಿಗೆ ಹುರುಪು ಕೊಟ್ಟಿತು. "ಮುಹೂರ್ತ ಚೆನ್ನಾಗೈತೆ ಅಂದ್ರು ಅಯ್ನೋರು. ಒಂದೇ ಮುಹೂರ್ತಕ್ಕೆ ಎರಡು ಕೆಲಸ ಆಗ್ಲಿ ಅಂತ. ಅಲ್ಲಿ ಜನರೇಟರ್ ರೂಮು ಬರುತ್ತೆ. ನೀನು ಊರಾಚೆ ಮಣಲಿ ಕಡೆ ಹೋಗು, ಬೇಕಾದಷ್ಟು ಬಯಲೈತೆ."

"ಮಣಲೀಲಿ ಬರೀ ಎಣ್ಣೆ ಫ್ಯಾಕ್ಟ್ರಿಗಳೇ, ಗಾಳೀನೇ ನಾತ ಹೊಡೀತದೆ. ಅಲ್ಲಿ ಹುಲ್ಲು ತಿಂದ್ರೆ ನನ್ ಹಸ ಹಾಲು ಕೊಟ್ಟದಾ, ಪೆಟ್ರೋಲ್ ಕೊಟ್ಟದಾ?"

"ಮಾತು ಜಾಸ್ತಿ ಆಯ್ತು. ಹಸು ಎಳ್ಕೊಂಡು ನಡಿ. ಕೆಳಗೆ ಎಲೆ ಹಾಕಿದಾರೆ, ಜನ ಊಟಕ್ಕೆ ಇಳೀಬೇಕು."

ಅಕ್ಕು ಹಗ್ಗ ಹಿಡಿದು ಮೆಟ್ಟಿಲಿಗೆ ಬಂದಳು. ಚೆಲುವಿ ಮೊದಲ ಮೆಟ್ಟಿಲ ಮುಂದೆ ನಿಂತಿತು. ಕತ್ತು ಚಾಚಿ ಕೆಳಗೆ ನೋಡಿತು. ಮುಂಗಾಲು ಒಂದಿಷ್ಟು ಚಾಚಿ, ನಡುಗಿ, ಹಿಂದಕ್ಕೆ ಎಳೆದುಕೊಂಡಿತು. ಬೆಲ್ಲ ತೋರಿಸಿದರು, ಬೇಡ ಅಂತು. ವಾಚ್‌ಮನ್ ಬಾಲ ತಿರುಚಿದ, ಒದೆ ತಿಂದ. ಹಿಂದೆ ರೇಷ್ಮೆ ಸೀರೆಗಳು ಸಾಲುಗಟ್ಟಿದ್ದವು. ಕೆಳಗಿನಿಂದ ಸಾರಿನ ಘಮ ಮೇಲೆ ಬರುತ್ತಿತ್ತು. ಮೇಲಿನವರು ಕೆಳಗೆ ಹೋಗುವಂತಿರಲಿಲ್ಲ.

"ಏಯ್, ಇಳಿಸೇ ನಿನ್ನಜ್ಜಿ!" ಸೋಮಲಿಂಗಪ್ಪ ಕೈಯಲ್ಲಿದ್ದ ಕೊಡೆಯಿಂದ ಹಸುವಿನ ಬೆನ್ನಿಗೆ ಬಾರಿಸಿದ. ಇನ್ನೊಂದು ಏಟಿಗೆ ಎತ್ತುವಷ್ಟರಲ್ಲಿ ಅಕ್ಕು ಕೊಡೆ ಕಿತ್ತುಕೊಂಡಿದ್ದಳು.

"ಮುಟ್ಟುದ್ರೆ ಕೈ ಮುರ್ದಾಕ್ಬುಡ್ತೀನಿ, ಬೋಳೀಮಗ್ನೆ!"

ಇಷ್ಟು ವರ್ಷ ಬಾಯಲ್ಲಿದ್ದ 'ಬುದ್ದಿ' ಬಿದ್ದುಹೋಗಿತ್ತು. ತಲೆಗೆ ಹೋಯಿತೋ ಏನೋ.

ಸೋಮಲಿಂಗಪ್ಪ ಬೀಗರ ಮುಖ ನೋಡಿದ. ಹಲ್ಲು ಕಡಿದು, ದನಿ ತಗ್ಗಿಸಿದ. "ಆಯ್ತು. ಸದ್ಯ ಅದನ್ನ ತಿರುಗಿ ಒಳಗೆ ಕರ್ಕೊಂಡು ಹೋಗಿ ಕಟ್ಟು. ಜನ ಇಳೀಲಿ. ಊಟ ಆದ್ಮೇಲೆ ಆಳು ಕರ್ಸಿ ನಿಮ್ಮಿಬ್ರನ್ನೂ ಇಳಿಸ್ತೀನಿ."

"ಅವಳನ್ನ ಒಳಗೆ ಬಿಟ್ಟು ಹೋಗೋದಾ ಅಪ್ಪಾ?"

"ಹಸು ಬಿಟ್ಟು ಎಲ್ಲಿ ಓಡ್ತಾಳೆ ಬಾಮ್ಮಾ. ನಡಿ, ಹೋಳಿಗೆ ಆರ್ತೈತೆ."

ಜನ ಇಳಿದರು. ಕೊನೆಯ ಚಪ್ಪಲಿಯ ಸದ್ದೂ ನಿಂತ ಮೇಲೆ ಅಕ್ಕು ಹಗ್ಗವನ್ನು ಬಾಲ್ಕನಿಯ ಕಂಬಿಗೆ ಬಿಗಿದಳು. ಕೆಳಗೆ ಜೆಸಿಬಿ ಹೆಂಚಿನ ಚೂರುಗಳನ್ನು ಲಾರಿಗೆ ತುಂಬುತ್ತಿತ್ತು. ಲಾರಿ ತುಂಬುವ ತನಕ ನೋಡಿದಳು. ಆಮೇಲೆ ಬಂದು ತೇಗದ ಬಾಗಿಲು ಮುಚ್ಚಿ ಮೇಲಿನ ಚಿಲಕ ಹಾಕಿದಳು, ಕೆಳಗಿನ ಚಿಲಕ ಹಾಕಿದಳು, ಬೀಗರು ಉಡುಗೊರೆ ಕೊಟ್ಟಿದ್ದ ಸೋಫಾವನ್ನು ಎಳೆದು ಬಾಗಿಲಿಗೆ ಆನಿಸಿದಳು.

ಎಷ್ಟೋ ಹೊತ್ತಾದ ಮೇಲೆ ಬೆಲ್ಲು ಗುಬ್ಬಿಯ ಹಾಗೆ ಚಿಂವ್ ಅಂದಿತು.

"ಯಾರು?"

"ನಾನೇ ಕಣೇ, ಸೋಮಲಿಂಗಪ್ಪ! ಬಾಗಿಲು ತೆಗಿಯೇ!"

"ಕೊಟ್ಗೆ ಕಟ್ಸು. ಆಮೇಕೆ ಬಾ."

"ಲೇ ಹಾದರಗಿತ್ತಿ, ಪೊಲೀಸ್ನೋರನ್ನ ಕರೀತೀನಿ!"

"ಕರ್ಕೋ. ನಾನೂ ಕರೀತಾವ್ನಿ."

ಹಾಲುಕ್ಕಿಸಿದ ಬೆಳ್ಳಿ ಪಾತ್ರೆಯನ್ನು ಮೊಣಕಾಲ ಸಂದಿಯಲ್ಲಿ ಇಟ್ಟುಕೊಂಡು ಅಕ್ಕು ಕರೆಯುತ್ತಲೇ ಇದ್ದಳು. ಬಾಗಿಲಿಗೆ ಭುಜ ಕೊಟ್ಟು ಗುದ್ದುವ ಸದ್ದು ಬಂತು, ಸೋಫಾ ಒಂದು ಗೇಣು ಜರುಗಿತು. ಚೆಲುವಿ ಕಿವಿ ನಿಗುರಿಸಿ, ಬಾಲ ಎತ್ತಿ, ಇನ್ನೊಮ್ಮೆ ಹಾಕಿತು. ಅಕ್ಕು ಪಾತ್ರೆ ಬದಿಗಿಟ್ಟು ಎದ್ದಳು. ಎರಡೂ ಕೈಯಲ್ಲಿ ಬಾಚಿ, ಉಂಡೆ ಮಾಡಿ, ಶಿಲ್ಪಶ್ರೀ ಆರಿಸಿ ಬಳಿಸಿದ್ದ ತಿಳಿನೇರಳೆ ಗೋಡೆಗೆ ಪಟ್ಟನೆ ಬಡಿದಳು. ಬೆರಣಿ ಅಂಟಿಕೊಂಡು ನಿಂತಿತು, ಐದು ಬೆರಳೂ ಮೂಡಿದ್ದವು. ಅದರ ಪಕ್ಕದಲ್ಲಿ ಇನ್ನೊಂದು ಬಡಿದಳು.

ಸೋಫಾ ಮತ್ತೊಂದು ಗೇಣು ಜರುಗಿತು. ಗೋಡೆ ಇನ್ನೂ ಬೇಕಾದಷ್ಟು ಇತ್ತು.