ಸದ್ಯಕ್ಕೆ ಕೊಟ್ಟ ಸಂಖ್ಯೆ

ಅಂದು ಬೆಳಿಗ್ಗೆ ಮಂಜು ನೆಲದವರೆಗೂ ಇಳಿದು ಬೀದಿಯಲ್ಲೇ ಕೂತುಬಿಟ್ಟಿತ್ತು. ಎದುರುಮನೆಯ ಗೇಟು ಕಾಣುತ್ತಿರಲಿಲ್ಲ, ಅದು ಕಿರುಗುಟ್ಟಿದ್ದು ಮಾತ್ರ ಕೇಳುತ್ತಿತ್ತು. ಬಸ್ಸುಗಳು ಡಿಪೋ ಬಿಟ್ಟು ಹೊರಡಲೇ ಇಲ್ಲ. ಮಂಜಿಗೇನು ಅವಸರ? ಭಗವಂತ ಕಳಿಸಿದಾಗ ಬರುತ್ತದೆ, ಕರೆದಾಗ ಹೋಗುತ್ತದೆ. ಅವಸರವೆಲ್ಲ ಮನುಷ್ಯರದು. ಈ ಮನೆಯ ಮಗ ಪುಟ್ಟ, ಬಸ್ ಸ್ಟಾಪಿನಲ್ಲಿ ನಿಂತು ನಿಂತು ತಲೆಗೂದಲು ತೋಯಿಸಿಕೊಂಡು ಮನೆಗೆ ಮರಳಿದವನು ಮುಸುಕು ಹಾಕಿ ಮಲಗಿಬಿಟ್ಟ. ಅವನ ಅಕ್ಕ ಶಾಲು ಸುತ್ತಿಕೊಂಡು ನಡೆದೇ ಹೊರಟಳು.

"ಈ ಮಂಜಲ್ಲಿ ಎಲ್ಲಿಗೇ?" ಅಡುಗೆಮನೆಯಿಂದಲೇ ಕೇಳಿದಳು ಅಮ್ಮ.

"ಯೂನಿವರ್ಸಿಟಿಗೆ. ಇವನು ಮಲಗಿದಾನಲ್ಲ, ಅಯಸ್ಕಾಂತ ಖಾಲಿ ಇರತ್ತೆ."

"ನಾಳೆ ಪರೀಕ್ಷೆ ಇಟ್ಕೊಂಡು ಇವತ್ತೇನು ಹೊಸದಾಗಿ ಅಳೀತೀಯೇ? ಇನ್ನು ದೇವರ ಮೇಲೆ ಭಾರ ಹಾಕು."

"ಹಾಕ್ತೀನಮ್ಮ. ಎಷ್ಟು ಭಾರ ಅಂತ ತೂಗಿ ಹಾಕ್ತೀನಿ."

"ಬಾಯಿಗೇನೂ ಕಮ್ಮಿ ಇಲ್ಲ," ಎಂದು ಅಮ್ಮ ಒಳಗೇ ನಕ್ಕಳು.

ಅಕ್ಕ, ತಮ್ಮ ಇಬ್ಬರೂ ಭೌತಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದರು, ಒಂದೇ ತರಗತಿಯಲ್ಲಿ. ಅಪ್ಪ ಬೆನ್ನು ಹಿಡಿದು ಹಾಸಿಗೆಗೆ ಬಿದ್ದ ಕಾಲದಲ್ಲಿ ಅವಳು ಓದು ಬಿಟ್ಟು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತಿದ್ದಳು. ಅಪ್ಪ ಎದ್ದು ಓಡಾಡುವ ಹೊತ್ತಿಗೆ, ಹಿಂದೆ ಬರುತ್ತಿದ್ದ ತಮ್ಮ ಪಕ್ಕದ ಬೆಂಚಿಗೇ ಬಂದು ಕೂತಿದ್ದ. ಆಳೆತ್ತರ ಬೆಳೆದಿದ್ದರೂ ಮನೆಯಲ್ಲಿ ಅವನು ಪುಟ್ಟನೇ. ತರಗತಿಯಲ್ಲೂ ಅವಳ ಬಾಯಿಂದ ಅದೇ ಹೆಸರು ಹಾರಿ, ಈಗ ಇಡೀ ವಿಭಾಗಕ್ಕೆ ಪುಟ್ಟ.

ವಿಭಾಗದಲ್ಲಿದ್ದದ್ದು ಒಂದೇ ದೊಡ್ಡ ಅಯಸ್ಕಾಂತ. ಎರಡು ಉಕ್ಕಿನ ಮುಖಗಳು, ನಡುವೆ ಹೆಬ್ಬೆರಳು ತೂರುವಷ್ಟು ಸಂದು, ಹಿಂದೆ ಕೊಡದ ಗಾತ್ರದ ತಂತಿಯ ಸುರುಳಿಗಳು. ಆ ಸಂದಿನಲ್ಲಿ ಎಷ್ಟು ಬಲವಿದೆ ಎಂದು ಕಂಡುಹಿಡಿಯುವುದು ಅಕ್ಕನ ಕೆಲಸ. ತಮ್ಮನ ಬಳಿ ಅರೆವಾಹಕದ, ಉಗುರಗಲದ ಒಂದು ಚೂರಿತ್ತು. ಅದರಲ್ಲಿ ಕರೆಂಟು ಹರಿಸಿ ಸಂದಿನಲ್ಲಿಟ್ಟರೆ ಬಲಕ್ಕೆ ತಕ್ಕಂತೆ ವೋಲ್ಟೇಜು ಕೊಡುತ್ತಿತ್ತು. ಎಷ್ಟು ಬಲಕ್ಕೆ ಎಷ್ಟು ವೋಲ್ಟೇಜು ಎಂದು ಹೇಳುವುದು ಅವನ ಕೆಲಸ. ಅಯಸ್ಕಾಂತ ಒಂದು ವಾರ ಅವಳದು, ಒಂದು ವಾರ ಅವನದು. ಕೊನೆಯ ತಿಂಗಳಲ್ಲಿ ಪುಟ್ಟ, "ನಿನ್ನ ವಾರಗಳನ್ನೂ ನಂಗೇ ಕೊಡೇ ಅಕ್ಕ, ಸೀಟಿಗೋಸ್ಕರ. ಆಮೇಲೆ ವಾಪಸ್ ಕೊಡ್ತೀನಿ," ಎಂದು ದುಂಬಾಲು ಬಿದ್ದ. ಸೀಟೆಂದರೆ ಇಬ್ಬರಿಗೂ ಮಾರ್ಗದರ್ಶಕರಾಗಿದ್ದ ಮೇಷ್ಟ್ರ ಬಳಿ ಸಂಶೋಧನೆಗೆ ಇದ್ದ ಒಂದೇ ಒಂದು ಜಾಗ. ಅವಳು ಕೊಟ್ಟಳು. ಅಕ್ಕಂದಿರು ಕೊಡುತ್ತಾರೆ.

ಇಬ್ಬರ ಉತ್ತರಗಳೂ ಮೂರನೆಯ ದಶಮಾಂಶದವರೆಗೆ ಹೊಂದಿಕೊಂಡವು. ಮೇಷ್ಟ್ರು ಯಾರ ಕೆಲಸ ನೋಡಿದರೂ "ಮೊದಲು ಸೊನ್ನೆ ತೋರಿಸು" ಎನ್ನುತ್ತಿದ್ದರು. ಏನೂ ಇಲ್ಲದಾಗ ಮುಳ್ಳು ಸೊನ್ನೆಗೆ ನಿಲ್ಲದಿದ್ದರೆ ಮುಂದಿನ ಮಾತೇ ಇಲ್ಲ. ಹಾಗಾಗಿ ಮಕ್ಕಳು ಅವರಿಗೆ ಇಟ್ಟ ಹೆಸರು ಸೊನ್ನೆ ಮೇಷ್ಟ್ರು. ಅಂಥವರೇ ಕರಗಿಹೋಗಿ, "ಅಕ್ಕ ಒಂದು ದಾರಿ, ತಮ್ಮ ಒಂದು ದಾರಿ, ಬಂದು ನಿಂತದ್ದು ಒಂದೇ ಬಾಗಿಲಿಗೆ ನೋಡಿ!" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದರು. ಸೀಟು ಪುಟ್ಟನಿಗೇ ಎಂಬುದು ಬಹುಮಟ್ಟಿಗೆ ಗಟ್ಟಿಯಾಯಿತು.

ಮಂಜಿನ ಆ ಬೆಳಿಗ್ಗೆ ಪ್ರಯೋಗಶಾಲೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಒಂದು ಸಣ್ಣ ಕೆಲಸಕ್ಕೆ ಅಕ್ಕ ಕೈಹಾಕಿದಳು. ತಕ್ಕಡಿಯ ಒಂದು ಕೈಗೆ ತಂತಿಯ ಚೌಕಟ್ಟು ತೂಗುಹಾಕಿ, ಅದರ ಕೆಳ ಅಂಚು ಅಯಸ್ಕಾಂತದ ಸಂದಿನಲ್ಲಿ ನಿಲ್ಲುವಂತೆ ಮಾಡಿದಳು. ತಂತಿಯಲ್ಲಿ ಕರೆಂಟು ಹರಿಸಿದರೆ ಅಯಸ್ಕಾಂತ ಅದನ್ನು ಕೆಳಗೆ ಸೆಳೆಯುತ್ತದೆ. ಆ ಕಡೆಯ ತಟ್ಟೆಗೆ ಎಷ್ಟು ತೂಕ ಹಾಕಿದರೆ ಸಮವಾಗುತ್ತದೋ ಅದೇ ಅಯಸ್ಕಾಂತದ ಬಲಕ್ಕೆ ಲೆಕ್ಕ. ಯಾವ ಚೂರೂ ಬೇಡ, ಯಾರ ಸಾಕ್ಷಿಯೂ ಬೇಡ. ಪರೀಕ್ಷೆಯಲ್ಲಿ ತೋರಿಸಲು ಇನ್ನೊಂದು ಪುಟವಾಗಲಿ ಎಂದಷ್ಟೇ ಅವಳ ಆಸೆ.

ಇಬ್ಬರಿಗೂ ಬಂದಿದ್ದ ಉತ್ತರಕ್ಕಿಂತ ಬಲ ನೂರಕ್ಕೆ ಹನ್ನೆರಡರಷ್ಟು ಕಡಿಮೆ ಬಂತು.

ತೂಕ ಬದಲಿಸಿದಳು, ತಂತಿಯ ಉದ್ದ ಮತ್ತೆ ಅಳೆದಳು, ಕರೆಂಟು ತಿರುಗಿಸಿ ಹರಿಸಿದಳು. ಕೆಳಗೆ ಎಷ್ಟು ಸೆಳೆದಿತ್ತೋ ಅಷ್ಟೇ ಮೇಲೆತ್ತಿತು. ತಕ್ಕಡಿ ತನ್ನ ಮಾತಿಗೆ ಕಟ್ಟುಬಿದ್ದಿತ್ತು. ಸ್ಟೂಲಿನ ಮೇಲೆ ಕೂತು ಹಿಂದಿನದನ್ನೆಲ್ಲ ಒಂದೊಂದಾಗಿ ನೆನೆಯುತ್ತ ಹೋದಳು. ಕಿಟಕಿಯಾಚೆ ಮರದ ಕಾಂಡ ಕಾಣಿಸಿತು, ಆಮೇಲೆ ಕೊಂಬೆ. ಅವಳಿಗೂ ಹಾಗೇ ಮೆಲ್ಲಗೆ ಕಾಣಿಸಿತು. ಕಂಡ ಮೇಲೆ ಎದ್ದು ತಕ್ಕಡಿಯ ಮೇಲೆ ಬಟ್ಟೆ ಮುಚ್ಚಿದಳು.

ಬಿಸಿಲು ಬಿದ್ದ ಮೇಲೆ ಪುಟ್ಟ ಶಿಳ್ಳೆ ಹಾಕುತ್ತ ಬಂದ. ಅವಳು ವಿಷಯ ಹೇಳಿದಳು.

"ತೂಕ ತಪ್ಪಿರತ್ತೆ ಬಿಡೇ. ಇದೇನು ನಿನ್ನ ಔಷಧಿ ಅಂಗಡಿ ಅಂದ್ಕೊಂಡ್ಯಾ?"

"ನಿನ್ನ ಚೂರಿಗೆ ಅಯಸ್ಕಾಂತದ ಬಲ ಇಷ್ಟು ಅಂತ ಇಟ್ಕೊಂಡ್ಯಲ್ಲ, ಆ ಸಂಖ್ಯೆ ಎಲ್ಲಿಂದ ತಗೊಂಡೆ?"

"ನೀನೇ ಕೊಟ್ಯಲ್ಲ, ವರ್ಷದ ಮೊದಲಲ್ಲಿ."

"ನಾನು ಎಲ್ಲಿಂದ ತಗೊಂಡೆ? ಅಯಸ್ಕಾಂತದ ಮೇಲಿರೋ ತಗಡು ನೋಡಿ ಹೇಳಿದೆ. ಸದ್ಯಕ್ಕೆ ಇಟ್ಕೋ, ಆಮೇಲೆ ನಾನು ತೂಗಿ ಹೇಳ್ತೀನಿ ಅಂದೆ. ಅದನ್ನ ಕೊನೇ ತಿಂಗಳಿಗೆ ಅಂತ ಇಟ್ಕೊಂಡಿದ್ದೆ, ಆ ವಾರ ಎಲ್ಲ ನಿಂಗೆ ಕೊಟ್ಟೆ, ತೂಗಲೇ ಇಲ್ಲ. ಸುರುಳಿ ಸುಟ್ಟು ಹೊಸದಾಗಿ ಸುತ್ತಿಸಿದಾರಂತೆ ಕಣೋ, ತಗಡು ಮಾತ್ರ ಹಳೇದು."

"ಆದ್ರೆ ನಮ್ಮಿಬ್ಬರದೂ ಅಷ್ಟು ಚೆನ್ನಾಗಿ ಹೊಂದತ್ತಲ್ಲೇ!"

"ಹೊಂದದೆ ಏನು ಮಾಡತ್ತೆ? ನಿನ್ನ ಚೂರು ಇಸ್ಕೊಂಡೇ ನಾನು ಅಯಸ್ಕಾಂತ ಅಳೆದದ್ದು. ನಾನು ಕೊಟ್ಟ ಸಂಖ್ಯೆಯೇ ನನಗೆ ವಾಪಸ್ ಬಂತು."

ಇಬ್ಬರು ಕುಡುಕರು ಹೆಗಲಿಗೆ ಹೆಗಲು ಕೊಟ್ಟು ನಿಂತು, ನೆಟ್ಟಗೆ ನಿಂತಿದ್ದೇವೆ ಎಂದುಕೊಂಡ ಹಾಗಾಗಿತ್ತು ಅವರ ಕತೆ. ಒಳ್ಳೆಯ ಮಕ್ಕಳು, ಒಬ್ಬರನ್ನೊಬ್ಬರು ನಂಬಿದವರು. ನಂಬಿಕೆ ಮನೆಗೆ ಬೇಕು, ಅಳತೆಗೆ ಬೇಡ.

ಪುಟ್ಟ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅಕ್ಕ, ಸೀಟಿನ ತೀರ್ಮಾನ ಇನ್ನೆರಡು ವಾರಕ್ಕೆ. ಯಾರಿಗೂ ಗೊತ್ತಾಗಲ್ಲ ಕಣೇ."

"ನನಗೆ ಗೊತ್ತಾಯ್ತಲ್ಲೋ."

"ಹೋಗಿ ಹೇಳು ಹಾಗಾದ್ರೆ. ತಮ್ಮನ ಕತ್ತು ಕೊಯ್ದು ಬಾ, ಪುಣ್ಯ ಬರತ್ತೆ," ಎಂದವನು ಬಾಗಿಲು ದಡಾರನೆ ಎಳೆದುಕೊಂಡು ಹೋದ.

ಮರುದಿನ ಪರೀಕ್ಷೆಯಲ್ಲಿ ಮೊದಲ ಸರದಿ ಅವಳದು. ಮೇಷ್ಟ್ರು ನಗುಮುಖದಿಂದಲೇ, "ಹೇಳಮ್ಮ, ಬಲ ಎಷ್ಟು?" ಎಂದರು. ಹಳೆಯ ಸಂಖ್ಯೆ ಹೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಅವಳು ಮನಸ್ಸಿನಲ್ಲೇ ದೇವರನ್ನು ನೆನೆದಳು. ಬೇಡಿದ್ದೇನೂ ಇಲ್ಲ, ನೆನೆದಳಷ್ಟೇ. ನಂತರ ತಗಡಿನಿಂದ ತಕ್ಕಡಿಯವರೆಗೆ ಎಲ್ಲವನ್ನೂ ಹೇಳಿದಳು. "ಸದ್ಯಕ್ಕೆ ಅಂತ ಕೊಟ್ಟವಳು ನಾನು ಸರ್. ಅವನು ಅಕ್ಕನ ಮಾತು ಅಂತ ನಂಬಿದ."

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಊರಿಗೆಲ್ಲ ಡಂಗುರ ಸಾರಿದೆನಲ್ಲಮ್ಮ ನಾನು. ಸೊನ್ನೆ ಸೊನ್ನೆ ಅಂತ ಬಡ್ಕೊಳ್ಳೋನು ಇದೊಂದು ಕೇಳಲಿಲ್ಲ ನೋಡು." ಪುಟ್ಟನನ್ನೂ ಒಳಗೆ ಕರೆಸಿದರು. ಅವನು ನೆಲ ನೋಡುತ್ತ ನಿಂತ.

ಇಬ್ಬರೂ ಮತ್ತೆ ಅಳೆಯಬೇಕೆಂದು ತೀರ್ಮಾನವಾಯಿತು. ಫಲಿತಾಂಶ ಕಳಿಸಲು ಉಳಿದಿದ್ದದ್ದೂ ಅದೇ ಎರಡು ವಾರ. ಅಯಸ್ಕಾಂತ ಒಂದೇ, ಕೆಲಸ ಎರಡು, ಒಂದೊಂದಕ್ಕೂ ಎರಡು ವಾರ ಪೂರ್ತಿ ಬೇಕು. "ಮೊದಲು ಹುಡುಗ ಮುಗಿಸಲಿ, ಸೀಟು ಕಾಯಲ್ಲ," ಎಂದರು ಮೇಷ್ಟ್ರು. "ನಿನ್ನದು ಮುಂದಿನ ವರ್ಷದವರ ಜೊತೆ ಹೋಗತ್ತಮ್ಮ. ಏನು ಮಾಡೋದು."

"ಆಗಲಿ ಸರ್," ಎಂದಳು. ಹಿಂದೆ ಬೀಳುವುದು ಅವಳಿಗೆ ಹೊಸದಲ್ಲ.

ಪ್ರಯೋಗಶಾಲೆಗೆ ಬಂದು ತನ್ನ ಮೇಜು ತೆರವು ಮಾಡತೊಡಗಿದಳು. ಪುಸ್ತಕಗಳನ್ನು ಚೀಲಕ್ಕೆ ತುಂಬಿದಳು, ತೂಕದ ಕಲ್ಲುಗಳನ್ನು ಇಕ್ಕಳದಿಂದ ಒಂದೊಂದಾಗಿ ಎತ್ತಿ ಪೆಟ್ಟಿಗೆಯ ಗುಳಿಗಳಲ್ಲಿ ಕೂರಿಸುತ್ತಿದ್ದಳು. ಪುಟ್ಟ ಉಗ್ರಾಣದಿಂದ ಅಯಸ್ಕಾಂತದ ಸ್ವಿಚ್ಚಿನ ಬೀಗದಕೈ ತಂದ. ಬಾಗಿಲಲ್ಲಿ ಒಂದು ಗಳಿಗೆ ನಿಂತ. ಆಮೇಲೆ ಒಳಗೆ ಬಂದು, ಅವಳ ಮುಖ ನೋಡದೆ, ಬೀಗದಕೈಯನ್ನು ಅವಳ ಕೈಯ ಪಕ್ಕದಲ್ಲಿಟ್ಟ.

"ಏನೋ ಇದು?"

"ನಿನ್ನ ವಾರಗಳು."

"ನಿನ್ನ ಸೀಟು?"

"ಕಲ್ಲು ಯಾಕೆ ಒಳಗಿಡ್ತಿದೀಯ? ಹೊರಗೆ ತೆಗಿ," ಎಂದ ಪುಟ್ಟ, ತಕ್ಕಡಿಯ ಮೇಲೆ ಮುಚ್ಚಿದ್ದ ಬಟ್ಟೆಯನ್ನು ಎತ್ತಿ ಮಡಚುತ್ತ.